ನ್ಯಾನೊ ಫೋಮ್: ಬೆರೆಸಿದರೆ ಸಾಲದು, ಹರಡಬೇಕು

ಸೋಫಾದ ಮೆತ್ತೆ, ಫ್ರಿಜ್ ಗೋಡೆಯೊಳಗಿನ ಗಟ್ಟಿ ಪದರ, ಟಿ.ವಿ. ಪೆಟ್ಟಿಗೆಯ ಥರ್ಮೋಕೋಲ್ ಎಲ್ಲವೂ ಪಾಲಿಮರ್ ಫೋಮ್‌ಗಳೇ. ಪ್ಲಾಸ್ಟಿಕ್ಕಿನೊಳಗೆ ಗುಳ್ಳೆ ಎಬ್ಬಿಸಿ ಮಾಡಿದವು. ಥರ್ಮೋಕೋಲ್‌ನ ಗಾತ್ರದಲ್ಲಿ ಸುಮಾರು ಶೇ 98ರಷ್ಟು ಬರೀ ಗಾಳಿ. ಇಂಥ ಫೋಮ್‌ಗೆ ಜೇಡಿಮಣ್ಣು, ಸಿಲಿಕಾ, ಕಾರ್ಬನ್ ನ್ಯಾನೊಟ್ಯೂಬ್‌ಗಳ ಅತಿಸೂಕ್ಷ್ಮ ಕಣ, ಅಂದರೆ ನ್ಯಾನೊ ಕಣ, ಬೆರೆಸುವ ಸಂಶೋಧನೆ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆದಿದೆ. ಅದರ ಬೆನ್ನಿಗೇ ತಪ್ಪು ಕಲ್ಪನೆಗಳೂ ಬೆಳೆದಿವೆ.

ತಪ್ಪು ಕಲ್ಪನೆ: ಕಣಗಳು ಗುಳ್ಳೆಗಳ ಜಾಗವನ್ನು ತುಂಬಿ ಫೋಮನ್ನು ಗಟ್ಟಿ ಮಾಡುತ್ತವೆ.

ಸತ್ಯ: ಗುಳ್ಳೆ ತುಂಬಿಹೋದರೆ ಅದು ಫೋಮ್ ಆಗಿಯೇ ಉಳಿಯದು. ಕಣದ ಕೆಲಸ ಶುರುವಾಗುವುದು ಗುಳ್ಳೆ ಹುಟ್ಟುವ ಗಳಿಗೆಯಲ್ಲಿ. ಒತ್ತಡ ಹಾಕಿ ಪಾಲಿಮರ್‌ನಲ್ಲಿ ಕರಗಿಸಿದ ಅನಿಲ, ಒತ್ತಡ ಇಳಿಸಿದೊಡನೆ ಹೊರಬೀಳಲು ಒಂದು ನೆಲೆ ಹುಡುಕುತ್ತದೆ. ಕಣದ ಮೇಲ್ಮೈಯೇ ಆ ನೆಲೆ. ನೆಲೆಗಳು ಹೆಚ್ಚಿದಷ್ಟೂ ಗುಳ್ಳೆಗಳು ಹೆಚ್ಚು. ಇರುವ ಅನಿಲ ಹಂಚಿಹೋಗುವುದರಿಂದ ಒಂದೊಂದೂ ಚಿಕ್ಕದು. ಆಮೇಲೆ ಕಣಗಳು ಗುಳ್ಳೆಯ ಗೋಡೆಯಲ್ಲೇ ಉಳಿದು ಅದಕ್ಕೆ ಬಲ ಕೊಡುತ್ತವೆ. ಪ್ಲಾಸ್ಟಿಕ್ಕಿಗೆ ಬಲ ಕೊಡಲು ಬೆರೆಸುವ ಮಾಮೂಲಿ ಗಾಜಿನ ನಾರಿಗೆ ಇದು ಕಷ್ಟ: ನಾರಿನ ದಪ್ಪ ಸುಮಾರು 10 ಮೈಕ್ರಾನ್, ಗುಳ್ಳೆಯ ಗೋಡೆ ಎಷ್ಟೋ ಸಲ ಅದಕ್ಕಿಂತ ತೆಳು. ಜೇಡಿಮಣ್ಣಿನ ಒಂದು ಹಾಳೆಯ ದಪ್ಪವಾದರೋ ಸುಮಾರು 1 ನ್ಯಾನೊಮೀಟರ್, ಅಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು.

ತಪ್ಪು ಕಲ್ಪನೆ: ಹೆಚ್ಚು ಹಾಕಿದಷ್ಟೂ ಒಳ್ಳೆಯದು.

ಸತ್ಯ: ರಾಗಿ ಹಿಟ್ಟನ್ನು ಬಿಸಿ ನೀರಿಗೆ ಒಮ್ಮೆಲೇ ಸುರಿದಂತೆ, ಕಣಗಳೂ ಗಂಟು ಕಟ್ಟುತ್ತವೆ. ಗಂಟಾದ ಮೇಲೆ ಅದು ನ್ಯಾನೊ ಕಣವಲ್ಲ, ಗೋಡೆ ಬಿರುಕು ಬಿಡಲು ಸಿಕ್ಕ ಜಾಗ. ಮೇಲಾಗಿ ಮಿಶ್ರಣ ಮಂದವಾಗಿ ಫೋಮ್ ಸರಿಯಾಗಿ ಉಬ್ಬುವುದಿಲ್ಲ. ಅದಕ್ಕೇ ತೂಕದಲ್ಲಿ ಶೇಕಡಾ ಒಂದೆರಡು ಪಾಲು, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಬೆರೆಸುವುದೇ ರೂಢಿ. ಚೆನ್ನಾಗಿ ಹರಡಿದ ಚಿಟಿಕೆ ಕಣ ಮಾಡುವ ಕೆಲಸವನ್ನು ಗಂಟುಗಟ್ಟಿದ ಹಿಡಿ ಕಣ ಮಾಡಲಾರದು.

ತಪ್ಪು ಕಲ್ಪನೆ: ಇಂಗಾಲ ಶಾಖವಾಹಕ; ಬೆರೆಸಿದರೆ ಫೋಮ್‌ನ ಶಾಖ ತಡೆಯುವ ಗುಣ ಕೆಡುತ್ತದೆ.

ಸತ್ಯ: ಫೋಮ್‌ನಲ್ಲಿ ಶಾಖ ವಿಕಿರಣವಾಗಿಯೂ ದಾಟುತ್ತದೆ. ಹಿತಮಿತವಾಗಿ ಬೆರೆಸಿದ ಇಂಗಾಲ ಅದನ್ನು ತಡೆಯುತ್ತದೆ. ಕಟ್ಟಡಗಳಿಗೆ ಬಳಸುವ ಬೂದು ಬಣ್ಣದ ಥರ್ಮೋಕೋಲ್ ಇದಕ್ಕೆ ಸಾಕ್ಷಿ. ಅದರಲ್ಲಿರುವುದು ಇಂಗಾಲದ್ದೇ ರೂಪವಾದ ಗ್ರಾಫೈಟ್, ಕಣಗಳು ನ್ಯಾನೊಗಿಂತ ದೊಡ್ಡವಾದರೂ ತತ್ವ ಅದೇ. ಬಿಳಿಯದರ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.037 ವ್ಯಾಟ್, ಬೂದು ಬಣ್ಣದ್ದು ಸುಮಾರು 0.031.

ತಪ್ಪು ಕಲ್ಪನೆ: ನ್ಯಾನೊ ಜೇಡಿಮಣ್ಣು ಸೇರಿಸಿದ ಫೋಮ್‌ಗೆ ಬೆಂಕಿ ಹತ್ತುವುದಿಲ್ಲ.

ಸತ್ಯ: ಹತ್ತುತ್ತದೆ. ಮೇಲ್ಪದರ ಉರಿದಂತೆ ಜೇಡಿ ಅಲ್ಲೇ ಹಕ್ಕಳೆಯಂತೆ ಉಳಿದು ಒಳಗಿನ ಅನಿಲ ಹೊರಬರುವುದನ್ನು ನಿಧಾನಿಸುತ್ತದೆ, ಉರಿಯ ಆರ್ಭಟ ತಗ್ಗುತ್ತದೆ, ಅಷ್ಟೆ. ಸೋಫಾ ಮೆತ್ತೆಯ ಪ್ಲಾಸ್ಟಿಕ್ಕಾದ ಪಾಲಿಯುರಿಥೇನ್ ಉರಿದಾಗ ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇದ್ದೇ ಇರುತ್ತವೆ.

ತಪ್ಪು ಕಲ್ಪನೆ: ಇಂಥ ಫೋಮ್ ಮುಟ್ಟಿದರೇ ಅಪಾಯ.

ಸತ್ಯ: ಪಾಲಿಮರ್‌ನಲ್ಲಿ ಹುದುಗಿದ ಕಣ ಮುಟ್ಟಿದ ಮಾತ್ರಕ್ಕೆ ಎದ್ದು ಬರುವುದಿಲ್ಲ. ಎಚ್ಚರ ಬೇಕಾದದ್ದು ಕಾರ್ಖಾನೆಯಲ್ಲಿ ಪುಡಿ ಸುರಿಯುವವರಿಗೆ, ಫೋಮ್ ಕತ್ತರಿಸಿ ಉಜ್ಜುವವರಿಗೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಒಂದು ಬಗೆಯ ಕಾರ್ಬನ್ ನ್ಯಾನೊಟ್ಯೂಬನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದಾದ’ ವಸ್ತುಗಳ ಪಟ್ಟಿಗೆ ಸೇರಿಸಿತು.

ತಪ್ಪು ಕಲ್ಪನೆ: ಮೆಮೊರಿ ಫೋಮ್ ಹಾಸಿಗೆ ನ್ಯಾನೊ ತಂತ್ರಜ್ಞಾನದ ಕೂಸು.

ಸತ್ಯ: ಅದು 1966ರಲ್ಲಿ ವಿಮಾನದ ಆಸನಕ್ಕೆಂದು ನಾಸಾದ ನೆರವಿನಿಂದ ರೂಪುಗೊಂಡ ಪಾಲಿಯುರಿಥೇನ್. ಅದರ ಗುಣಕ್ಕೆ ನ್ಯಾನೊ ಕಣ ಬೇಕಿಲ್ಲ. ಹಾಗಾಗಿ ಅಂಗಡಿಯವರು ‘ನ್ಯಾನೊ’ ಎಂದಾಗ ಎಷ್ಟು ಕಣವಿದೆ ಎಂದು ಕೇಳಿ ಪ್ರಯೋಜನವಿಲ್ಲ. ಸಾಂದ್ರತೆ ಎಷ್ಟು, ಎಷ್ಟು ಭಾರ ತಾಳುತ್ತದೆ, ಬೆಂಕಿ ಪರೀಕ್ಷೆ ಆಗಿದೆಯೇ ಎಂದು ಕೇಳಿ.