ಕಾರಿನ ಎಸಿ ತಂಪು ಕೊಡದಿದ್ದಾಗ

ಬೇಸಿಗೆಯಲ್ಲಿ ಕಾರಿನ ಎಸಿ ತಂಪು ಕೊಡದೆ ಹೋದರೆ ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ’ ಎಂದು ತೀರ್ಮಾನಿಸುವುದು ಮಾಲೀಕರಲ್ಲಷ್ಟೇ ಅಲ್ಲದೆ ಅನೇಕ ಗ್ಯಾರೇಜುಗಳಲ್ಲೂ ರೂಢಿಯಾಗಿಬಿಟ್ಟಿದೆ. ಆದರೆ ಈ ಅನಿಲ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಅನಿಲ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ರಬ್ಬರ್ ಹೋಸು, ಸೀಲುಗಳ ಮೂಲಕ ವರ್ಷಗಟ್ಟಲೆ ಅಷ್ಟಿಷ್ಟು ಜಿನುಗುವುದನ್ನು ಬಿಟ್ಟರೆ, ಒಂದೆರಡು ಬೇಸಿಗೆಯಲ್ಲೇ ಅದು ಕಡಿಮೆಯಾಯಿತೆಂದರೆ ಎಲ್ಲೋ ಸೋರಿಕೆ ಇದೆಯೆಂದೇ ತಿಳಿಯಬೇಕು.

ಇಂದು ಓಡಾಡುವ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಶೀತಕವು ಸಾಮಾನ್ಯ ವಾಯುಒತ್ತಡದಲ್ಲಿ ಸುಮಾರು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಈ ಅನಿಲವನ್ನು ಒತ್ತಿ ಬಿಸಿಯಾಗಿಸುತ್ತದೆ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟು ದ್ರವವಾಗುತ್ತದೆ. ಆ ದ್ರವ ಎಕ್ಸ್‌ಪ್ಯಾನ್ಶನ್ ವಾಲ್ವ್ ಎಂಬ ಕಿರಿದಾದ ರಂಧ್ರವನ್ನು ದಾಟಿದೊಡನೆ ಒತ್ತಡ ಕಳೆದುಕೊಂಡು, ಡ್ಯಾಶ್‌ಬೋರ್ಡಿನ ಒಳಗೆ ಅಡಗಿರುವ ಕೂಲಿಂಗ್ ಕಾಯಿಲಿನಲ್ಲಿ ಕುದಿಯುತ್ತ ಕಾರಿನೊಳಗಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ.

ಉಪಕರಣ ಕೈಗೆತ್ತಿಕೊಳ್ಳುವ ಮೊದಲೇ ಕಾರು ಕೊಡುವ ಸುಳಿವುಗಳು ಹಲವು. ಗಾಳಿ ತಂಪಾಗಿದ್ದೂ ಅದರ ರಭಸ ಕುಗ್ಗಿದ್ದರೆ ಧೂಳು ಕಟ್ಟಿದ ಕ್ಯಾಬಿನ್ ಫಿಲ್ಟರನ್ನೋ ಬ್ಲೋವರನ್ನೋ ನೋಡಬೇಕು. ಹೆದ್ದಾರಿಯಲ್ಲಿ ತಂಪಾಗಿದ್ದು ಸಿಗ್ನಲ್ಲಿನಲ್ಲಿ ನಿಂತೊಡನೆ ಬೆಚ್ಚಗಾದರೆ ಅನುಮಾನ ಕಂಡೆನ್ಸರಿನ ಫ್ಯಾನಿನ ಮೇಲೆ, ಇಲ್ಲವೇ ಕಂಡೆನ್ಸರಿಗೆ ಮೆತ್ತಿಕೊಂಡ ಕೆಸರಿನ ಮೇಲೆ ಹೋಗಬೇಕು. ಚೆನ್ನಾಗಿ ತಂಪು ಕೊಟ್ಟು ಅರ್ಧ ಗಂಟೆಯ ಬಳಿಕ ಗಾಳಿಯೇ ನಿಂತಂತಾಗಿ, ಎಸಿ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬರುವುದಾದರೆ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಅಂದಹಾಗೆ, ಕರಾವಳಿಯ ಸೆಕೆಯಲ್ಲಿ ನಿಂತ ಕಾರಿನಡಿ ನೀರು ತೊಟ್ಟಿಕ್ಕುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಕಾಯಿಲು ತಣ್ಣಗಿದೆಯೆಂಬುದಕ್ಕೆ ಸಾಕ್ಷಿಯೇ ಹೊರತು ದೋಷವಲ್ಲ.

ಇದರಾಚೆಗೆ ನಿಖರ ಉತ್ತರ ಸಿಗುವುದು ಕಂಪ್ರೆಸರಿನ ಎರಡೂ ಬದಿಯ ಒತ್ತಡ ತೋರಿಸುವ ಗೇಜುಗಳಿಂದ, ಅದೂ ಎರಡು ಮುಳ್ಳುಗಳನ್ನು ಒಟ್ಟಿಗೆ ಓದಿದಾಗ ಮಾತ್ರ. ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಒತ್ತಡ ನೋಡಿ ‘ಗ್ಯಾಸ್ ಸಾಕಷ್ಟಿದೆ’ ಎನ್ನುವುದು ಸಾಮಾನ್ಯ ತಪ್ಪು: 35 ಡಿಗ್ರಿ ತಾಪದಲ್ಲಿ ಒಳಗೆ 200 ಗ್ರಾಂ ಇದ್ದರೂ 500 ಗ್ರಾಂ ಇದ್ದರೂ ಎರಡೂ ಮುಳ್ಳುಗಳು ಸುಮಾರು 115 ಪಿಎಸ್‌ಐ ಬಳಿಯೇ ನಿಲ್ಲುತ್ತವೆ. ಅಡುಗೆ ಅನಿಲದ ಸಿಲಿಂಡರಿನಲ್ಲಿರುವಂತೆ ಇಲ್ಲಿಯೂ, ಒಂದಿಷ್ಟು ದ್ರವ ಉಳಿದಿರುವ ತನಕ ಒತ್ತಡವನ್ನು ನಿರ್ಧರಿಸುವುದು ತಾಪಮಾನವೇ ಹೊರತು ಪ್ರಮಾಣವಲ್ಲ. ಎಂಜಿನ್ ಓಡುತ್ತಿರುವಾಗ, ಬಿಸಿಲಿನ ದಿನ, ಹಲವು ಕಾರುಗಳಲ್ಲಿ ಕಡಿಮೆ ಒತ್ತಡದ ಬದಿ 30ರಿಂದ 45, ಹೆಚ್ಚು ಒತ್ತಡದ ಬದಿ 200ರಿಂದ 250 ಪಿಎಸ್‌ಐ ಆಸುಪಾಸು ಇರುತ್ತದೆ. ಎರಡೂ ಇಳಿದಿದ್ದರೆ ಶೀತಕ ಕೊರತೆ. ಎರಡೂ ಏರಿದ್ದರೆ ಶೀತಕ ಹೆಚ್ಚಾಗಿರಬಹುದು, ಗಾಳಿ ಸೇರಿರಬಹುದು, ಇಲ್ಲವೇ ಕಂಡೆನ್ಸರ್ ಶಾಖ ಬಿಡುತ್ತಿಲ್ಲ. ಕೆಳಗಿರಬೇಕಾದ್ದು ಏರಿ ಮೇಲಿರಬೇಕಾದ್ದು ಇಳಿದು ಎರಡೂ ಹತ್ತಿರವಾಗಿದ್ದರೆ ಕಂಪ್ರೆಸರ್ ಸವೆದಿದೆ. ಕಡಿಮೆ ಬದಿಯ ಮುಳ್ಳು ಸೊನ್ನೆಗಿಂತ ಕೆಳಗೆ ಜಾರಿದರೆ ವಾಲ್ವ್ ಕಟ್ಟಿಕೊಂಡಿದೆ. ಈ ನಾಲ್ಕರಲ್ಲಿ ಗ್ಯಾಸ್ ಸೇರಿಸಿದರೆ ತಂಪು ಮರಳುವುದು ಮೊದಲನೆಯದರಲ್ಲಿ ಮಾತ್ರ; ಎರಡನೆಯದರಲ್ಲಂತೂ ತುಂಬಿಸುವುದು ಕಂಪ್ರೆಸರಿಗೇ ಅಪಾಯ.

ಕೊರತೆಯೇ ಖಚಿತವಾದರೂ ಸೋರುವ ಜಾಗ ಪತ್ತೆಯಾಗದೆ ತುಂಬಿಸಿದ್ದು ವ್ಯರ್ಥ. ಅನಿಲದ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಸೋರುವ ಜೋಡಣೆಯ ಸುತ್ತ ಜಿಡ್ಡಿನ ಕಲೆ ಮೂಡಿ ಧೂಳು ಅಂಟಿರುತ್ತದೆ. ಅದೂ ಕಾಣದಿದ್ದರೆ ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣವನ್ನು ಒಳಗೆ ಬಿಡುತ್ತಾರೆ, ಇಲ್ಲವೇ ಒಣ ನೈಟ್ರೋಜನ್ ತುಂಬಿ ಸೋಪುನೀರಿನ ಗುಳ್ಳೆ ನೋಡುತ್ತಾರೆ. ದುರಸ್ತಿಯಾದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಗಾಳಿ, ತೇವವನ್ನೆಲ್ಲ ಎಳೆದು ತೆಗೆದು, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ನಮೂದಿಸಿದಷ್ಟೇ ಶೀತಕವನ್ನು ತೂಕ ಮಾಡಿ ತುಂಬಬೇಕು. ಕಷ್ಟವಿರುವುದು ಸೋರಿಕೆ ಕೂಲಿಂಗ್ ಕಾಯಿಲಿನಲ್ಲೇ ಇದ್ದಾಗ. ಅದು ಕಣ್ಣಿಗೆ ಬೀಳದ ಜಾಗವಾದ್ದರಿಂದ ನೀರು ಹೊರಬರುವ ಪೈಪಿನ ಬಳಿ ಸೋರಿಕೆ ಪತ್ತೆಹಚ್ಚುವ ಯಂತ್ರ ಹಿಡಿದು ಪರೀಕ್ಷಿಸಬೇಕಾಗುತ್ತದೆ, ಹಲವು ಕಾರುಗಳಲ್ಲಿ ಅದನ್ನು ಬದಲಿಸಲು ಇಡೀ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾಗುತ್ತದೆ.