ಒಂದು ಹುರಿ ಸಾಕು: ಮೈಯ ಅಳತೆಯಿಂದ ಆರೋಗ್ಯ ತಿಳಿಯೋಣ

ಅಡಿಕೆ ಗುಂಡಿಗೆ ಗುರುತು ಹಾಕುವಾಗ ಟೇಪು ಇಲ್ಲದಿದ್ದರೆ ನಮ್ಮ ಹಿರಿಯರು ಕೈಯನ್ನೇ ಅಳತೆಗೋಲು ಮಾಡಿಕೊಳ್ಳುತ್ತಿದ್ದರು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಆದಿಕಾಂಡದಲ್ಲಿ ನೋವನ ನಾವೆಯ ಅಳತೆಯೂ ಮೊಳದಲ್ಲೇ ಇದೆ: ಉದ್ದ 300, ಅಗಲ 50, ಎತ್ತರ 30. ಅಂದರೆ ಉದ್ದವು ಅಗಲದ ಆರರಷ್ಟು.

ಆದರೆ ಎಲ್ಲರ ಮೊಳ ಒಂದೇ ಅಲ್ಲ. ಅಡಿಕೆ ಸಸಿಗಳ ನಡುವೆ 2.7 ಮೀಟರ್ ಅಂತರವಿರಬೇಕು. 45 ಸೆಂ.ಮೀ. ಮೊಳದವರು ಆರು ಮೊಳ ಅಳೆದರೆ ಅದು ಸರಿ ಬರುತ್ತದೆ. 40 ಸೆಂ.ಮೀ. ಮೊಳದವರು ಅಳೆದರೆ 2.4 ಮೀಟರ್ ಮಾತ್ರ. ಎಕರೆಗೆ ಸುಮಾರು 555 ಗಿಡ ಇರಬೇಕಾದಲ್ಲಿ 700 ಗಿಡ ತುಂಬಿ, ಬಿಸಿಲು, ಗಾಳಿ, ಗೊಬ್ಬರಕ್ಕೆ ಪೈಪೋಟಿ ನಡೆಯುತ್ತದೆ. ಆದುದರಿಂದ ತೋಟಕ್ಕೆ ಟೇಪೇ ಸರಿ.

ಮೈಯ ಲೆಕ್ಕ ಹಾಗಲ್ಲ. ಉದ್ದದವರ ಮೊಳ ಉದ್ದ, ಗಿಡ್ಡದವರ ಮೊಳ ಗಿಡ್ಡ. ಆದರೂ ಇಬ್ಬರ ಮೊಳವೂ ಅವರವರ ಎತ್ತರದ ಹೆಚ್ಚುಕಡಿಮೆ ಕಾಲು ಪಾಲು. ಮಾರು ಹೆಚ್ಚುಕಡಿಮೆ ಎತ್ತರದಷ್ಟೇ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಪಾಲಾದರೆ, ದೊಡ್ಡವರಲ್ಲಿ ಏಳೆಂಟರಲ್ಲಿ ಒಂದು ಪಾಲು. ಹೀಗೆ ಒಂದು ಅಳತೆಯನ್ನು ಇನ್ನೊಂದಕ್ಕೆ ಹೋಲಿಸುವುದನ್ನೇ ಅನುಪಾತ ಎನ್ನುತ್ತೇವೆ. ಇದರಿಂದ ಆರೋಗ್ಯದ ಸೂಚನೆ ಸಿಗುತ್ತದೆ.

ಹೊಟ್ಟೆಯ ಅಳತೆ

ನಿಮ್ಮ ಎತ್ತರದಷ್ಟು ಉದ್ದದ ಹುರಿಯನ್ನು ಕತ್ತರಿಸಿ, ಎರಡಾಗಿ ಮಡಚಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುಮಧ್ಯದಲ್ಲಿ, ಉಸಿರು ಬಿಟ್ಟ ಮೇಲೆ, ಸುತ್ತ ಹಿಡಿಯಿರಿ. ಹೊಟ್ಟೆಯ ಕೆಳಗೆ ಪಂಚೆ ಕಟ್ಟುವ ಜಾಗದಲ್ಲಿ ಅಳೆಯಬಾರದು. ಹೊಟ್ಟೆ ಒಳಗೆ ಎಳೆದುಕೊಳ್ಳಲೂಬಾರದು. ಹುರಿಯ ತುದಿಗಳು ಒಂದನ್ನೊಂದು ದಾಟಿದರೆ ಒಳ್ಳೆಯದು. ಕೂಡದಿದ್ದರೆ ಸೊಂಟದ ಸುತ್ತು ಎತ್ತರದ ಅರ್ಧಕ್ಕಿಂತ ಹೆಚ್ಚಾಗಿದೆ ಎಂದರ್ಥ. 160 ಸೆಂ.ಮೀ. ಎತ್ತರದವರ ಸೊಂಟ 80 ಸೆಂ.ಮೀ. ಒಳಗಿರಬೇಕು. 96 ಮುಟ್ಟಿದರೆ ಅನುಪಾತ 0.6, ಅಪಾಯ ಇನ್ನೂ ಹೆಚ್ಚು. ಗರ್ಭಿಣಿಯರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಹೊಟ್ಟೆಯೊಳಗಿನ ಅಂಗಗಳ ಸುತ್ತ ಸೇರುವ ಕೊಬ್ಬು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಿಗೆ ದಾರಿ ಮಾಡುತ್ತದೆ. ಕೈಕಾಲು ಸಪೂರವಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಅನೇಕರು. "ತೂಕ ಜಾಸ್ತಿ ಇಲ್ಲ, ತೋಟದಲ್ಲಿ ದುಡಿಯುತ್ತೇನೆ, ನನಗೇನಾಗುತ್ತದೆ?" ಎಂದು ಅವರು ಸುಮ್ಮನಿರುತ್ತಾರೆ. ಪಂಪು, ಯಂತ್ರಗಳು ಬಂದ ಮೇಲೆ ಮೈಬಗ್ಗಿಸುವ ಕೆಲಸ ಕಡಿಮೆಯಾಗಿದೆ. ಬಟ್ಟಲಿನ ಅನ್ನ ಕಡಿಮೆಯಾಗಿಲ್ಲ. ಹುರಿ ಕೂಡದವರು ಹೆದರಬೇಕಾಗಿಲ್ಲ, ತಡಮಾಡಲೂಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿಕೊಳ್ಳಿರಿ. ಊಟದಲ್ಲಿಯೂ ಅನುಪಾತವಿರಲಿ: ಬಟ್ಟಲಿನ ಅರ್ಧ ಬಸಳೆ, ಅಲಸಂಡೆಯಂತಹ ತರಕಾರಿ, ಕಾಲು ಪಾಲು ಅನ್ನ, ಕಾಲು ಪಾಲು ಬೇಳೆಕಾಳು ಅಥವಾ ಮೀನು.

ಮಗುವಿನ ತೋಳು

ಒಂದರಿಂದ ಐದು ವರ್ಷದವರೆಗೆ ಮಗು ಎತ್ತರ ಬೆಳೆದರೂ ತೋಳಿನ ಸುತ್ತು ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಒಂದೇ ಅಳತೆ ಸಾಕಾಗುತ್ತದೆ. ಎಡಗೈಯ ಭುಜದ ತುದಿಗೂ ಮೊಣಕೈಗೂ ನಡುವೆ ಟೇಪು ಸುತ್ತಿ ನೋಡಿರಿ, ಬಿಗಿಯಬಾರದು. 12.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಪೋಷಣೆ ಸಾಲದು, ಅಂಗನವಾಡಿಯಲ್ಲಿ ತಿಳಿಸಿರಿ. 11.5ಕ್ಕಿಂತಲೂ ಕಡಿಮೆಯಿದ್ದರೆ ಅಥವಾ ಎರಡೂ ಪಾದಗಳು ಊದಿಕೊಂಡಿದ್ದರೆ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಇಂತಹ ಮಗುವಿಗೆ ಸಾಮಾನ್ಯ ಭೇದಿಯೂ ಪ್ರಾಣಕ್ಕೆ ಕುತ್ತಾಗಬಹುದು.

ಹಿರಿಯರ ಬೆನ್ನು

ಮುಪ್ಪಿನಲ್ಲಿ ಬೆನ್ನು ಬಾಗುತ್ತದೆ, ಆದರೆ ಕೈಯ ಎಲುಬು ಗಿಡ್ಡವಾಗುವುದಿಲ್ಲ. ಅಜ್ಜಿಯ ಎತ್ತರ ಅವರ ಮಾರಿಗಿಂತ ತುಂಬ ಕಡಿಮೆಯಾಗಿದ್ದರೆ ಬೆನ್ನೆಲುಬು ಸವೆದು ಕುಸಿದಿರುವ ಸಾಧ್ಯತೆಯಿದೆ. ವೈದ್ಯರಿಗೆ ತೋರಿಸಿರಿ, ಜಾರಿ ಬೀಳದಂತೆ ಅಂಗಳದ ಪಾಚಿಯನ್ನೂ ತೆಗೆಯಿರಿ.

ಬರುವ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ, ಊಟಕ್ಕೆ ಮೊದಲು, ಮನೆಮಂದಿಯೆಲ್ಲರೂ ಒಮ್ಮೆ ಅಳೆದು ನೋಡೋಣ. ತೋಟದ ಅಂತರಕ್ಕೆ ಇಷ್ಟು ಗಮನ ಕೊಡುವ ನಾವು, ದೇವರು ಕೊಟ್ಟ ಈ ದೇಹಕ್ಕೂ ಅಷ್ಟೇ ಗಮನ ಕೊಡೋಣ.