ಬೇಹುಗಾರರ ಫಿಲ್ಮು, ಹಿಮಾಲಯದ ಪಾಸ್‌ಬುಕ್ಕು

ಬೆಂಗಳೂರಿನಲ್ಲಿ ‘ಕಾವೇರಿ ನೀರು ಬಂತಾ?’ ಎಂದು ಕೇಳುತ್ತ ಬೆಳೆದವರು ದೆಹಲಿಯ ಪೀತಮ್‌ಪುರಕ್ಕೆ ಬಂದು ನೆಲೆಸಿದರೂ ಪ್ರಶ್ನೆ ಅದೇ, ನದಿ ಮಾತ್ರ ಬೇರೆ. ಅಲ್ಲೇ ಹತ್ತಿರದ ಹೈದರ್‌ಪುರದ ಶುದ್ಧೀಕರಣ ಘಟಕಕ್ಕೆ ಪಶ್ಚಿಮ ಯಮುನಾ ಕಾಲುವೆಯ ನೀರು ಬರುತ್ತದೆ. ಯಮುನೆ ಹುಟ್ಟುವುದು ಉತ್ತರಾಖಂಡದ ಬಂದರ್‌ಪೂಂಛ್ ಪರ್ವತದ ಹಿಮನದಿಯಲ್ಲಿ. ಮಳೆಗಾಲದಲ್ಲಿ ನದಿಯನ್ನು ತುಂಬಿಸುವುದು ಮಳೆಯೇ. ಆದರೆ ಮುಂಗಾರು ಇನ್ನೂ ದೂರವಿರುವ ಮೇ ತಿಂಗಳ ಉರಿಯಲ್ಲಿ ಮೇಲಿನಿಂದ ಕರಗಿ ಬರುವ ನೀರಿಗೆ ಬೆಲೆ ಹೆಚ್ಚು. ಪ್ರತಿ ಚಳಿಗಾಲ ಬೀಳುವ ಹಿಮ ಬಡ್ಡಿಯಿದ್ದಂತೆ. ಶತಮಾನಗಳಿಂದ ಗಟ್ಟಿಯಾಗಿ ಕೂತ ಹಿಮನದಿ ಇಡುಗಂಟು.

ಆ ಗಂಟು ಐವತ್ತು ವರ್ಷಗಳ ಹಿಂದೆ ಎಷ್ಟಿತ್ತು? ಉತ್ತರ ಹೇಳುವ ಚಿತ್ರಗಳು ನಮ್ಮಲ್ಲಿರಲಿಲ್ಲ. ಉಡುಪಿ ಜಿಲ್ಲೆಯ ಅದಮಾರಿನ ಯು. ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ‘ಆರ್ಯಭಟ’ ಹಾರಿದ್ದು 1975ರಲ್ಲಿ. ಭೂಮಿಯನ್ನು ನೋಡಲೆಂದೇ ಮಾಡಿದ ‘ಭಾಸ್ಕರ’ 1979ರಲ್ಲಿ ಹಾರಿತು. ಅದರ ಕ್ಯಾಮೆರಾದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಮೇಲೆ ಸುಮಾರು ಒಂದು ಕಿಲೋಮೀಟರು. ಹಿಮನದಿಯ ಮೈ ಸವೆದದ್ದು ಅದಕ್ಕೆ ಕಾಣುವಂತಿರಲಿಲ್ಲ.

ಕಂಡಿದ್ದು ಅಮೆರಿಕದ ಬೇಹುಗಾರಿಕೆ ಉಪಗ್ರಹಗಳಿಗೆ. ಶೀತಲ ಸಮರದ ಕಾಲದ ‘ಕರೋನಾ’ ಮತ್ತು ‘ಹೆಕ್ಸಾಗನ್’ ಉಪಗ್ರಹಗಳು ಫಿಲ್ಮಿನ ಮೇಲೆ ಚಿತ್ರ ತೆಗೆದು, ಸುರುಳಿಗಳನ್ನು ಡಬ್ಬಿಯಲ್ಲಿ ತುಂಬಿ ಕೆಳಕ್ಕೆ ಬೀಳಿಸುತ್ತಿದ್ದವು. ಪ್ಯಾರಾಶೂಟಿನಲ್ಲಿ ಇಳಿಯುವ ಡಬ್ಬಿಯನ್ನು ಪೆಸಿಫಿಕ್ ಸಾಗರದ ಮೇಲೆ ವಿಮಾನವೊಂದು ಕೊಕ್ಕೆ ಹಾಕಿ ಗಾಳಿಯಲ್ಲೇ ಹಿಡಿಯುತ್ತಿತ್ತು. 1971ರಲ್ಲಿ ಒಂದು ಡಬ್ಬಿಯ ಪ್ಯಾರಾಶೂಟು ಕೈಕೊಟ್ಟು, ಅದು ಸುಮಾರು ಐದು ಕಿಲೋಮೀಟರು ಆಳಕ್ಕೆ ಮುಳುಗಿತು. ಮರುವರ್ಷ ಜಲಾಂತರ್ಗಾಮಿ ನೌಕೆ ಕಳಿಸಿ ಹುಡುಕಿದರು. ಮೇಲೆತ್ತುವಾಗ ಫಿಲ್ಮು ಚೂರುಚೂರಾಯಿತು. ಉಳಿದ ಸುರುಳಿಗಳು ದಶಕಗಳ ಕಾಲ ಗುಟ್ಟಾಗಿದ್ದವು. ಕರೋನಾ ಚಿತ್ರಗಳನ್ನು ಬಹಿರಂಗಗೊಳಿಸುವ ಆದೇಶ ಹೊರಬಿದ್ದದ್ದು 1995ರಲ್ಲಿ. ಹೆಕ್ಸಾಗನ್‌ನ ನಕ್ಷೆ ಕ್ಯಾಮೆರಾದ ಚಿತ್ರಗಳು ಹೊರಬಂದದ್ದು 2002ರಲ್ಲಿ.

ಕ್ಷಿಪಣಿ ನೆಲೆಗಳನ್ನು ಹುಡುಕಲು ಹೋದ ಕಣ್ಣಿಗೆ ಹಿಮಾಲಯವೂ ಬಿದ್ದಿತ್ತು. ಡೆಹ್ರಾಡೂನಿನ ವಾಡಿಯಾ ಸಂಸ್ಥೆಯ ರಾಕೇಶ್ ಭಾಂಬ್ರಿ ಮತ್ತು ಸಂಗಡಿಗರು 1968ರ ಕರೋನಾ ಚಿತ್ರಗಳನ್ನು 2006ರ ಚಿತ್ರಗಳ ಪಕ್ಕದಲ್ಲಿಟ್ಟು ಗಢವಾಲದ ಹಿಮನದಿಗಳನ್ನು ಅಳೆದರು. ಕಳೆದುಹೋಗಿದ್ದ ವಿಸ್ತೀರ್ಣ ಶೇ. 4.6. ಅಷ್ಟೇನಾ, ಎನಿಸಬಹುದು. ಆದರೆ ವಿಸ್ತೀರ್ಣ ಪೂರ್ತಿ ಕಥೆ ಹೇಳುವುದಿಲ್ಲ. ಸೋಪು ಸವೆಯುವಾಗ ಉದ್ದ ಅಗಲ ಬಹಳ ದಿನ ಹಾಗೇ ಇದ್ದು, ದಪ್ಪ ಮಾತ್ರ ಇಳಿಯುವುದಿಲ್ಲವೇ? ಹಿಮನದಿಯೂ ಹಾಗೆಯೇ.

ದಪ್ಪ ಅಳೆಯುವ ಕೆಲಸಕ್ಕೆ ಕೈಹಾಕಿದವರಲ್ಲಿ ಒಬ್ಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಜೋಶುವಾ ಮೌರರ್. ಹೆಕ್ಸಾಗನ್ ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ಸೆರೆಹಿಡಿದಿತ್ತು. ಎರಡು ಕಣ್ಣು ಸೇರಿ ಆಳ ಗುರುತಿಸುವಂತೆ, ಅಂಥ ಎರಡು ಚಿತ್ರಗಳನ್ನು ಹೊಂದಿಸಿದರೆ ಬೆಟ್ಟದ ಎತ್ತರ ಸಿಗುತ್ತದೆ. ಅದನ್ನು ಇತ್ತೀಚಿನ ಎತ್ತರದ ಪಕ್ಕದಲ್ಲಿಟ್ಟರೆ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ. ಹೇಳಿದಷ್ಟು ಸುಲಭವಲ್ಲ. ಹಳೆಯ ಫಿಲ್ಮು ಹಿಗ್ಗಿ ಕುಗ್ಗಿರುತ್ತದೆ; ಅದರ ಮೇಲೆ ಮೊದಲೇ ಅಚ್ಚಾದ ಸಣ್ಣ ಸಣ್ಣ ಅಡ್ಡಗೆರೆ ಗುರುತುಗಳನ್ನು ಆಧರಿಸಿ ಅದನ್ನು ನೆಟ್ಟಗೆ ಮಾಡಬೇಕು. ತಪ್ಪು ಹಿಡಿಯಲು ಸಾಕ್ಷಿ ಪಕ್ಕದ ಬಂಡೆ. ನಲವತ್ತು ವರ್ಷದಲ್ಲಿ ಬಂಡೆಯ ಎತ್ತರ ಬದಲಾಗಿರದು. ಬದಲಾದಂತೆ ಕಂಡರೆ ತಪ್ಪು ಲೆಕ್ಕದ್ದು. ಅದನ್ನು ತಿದ್ದಿದ ಮೇಲೂ ಉಳಿಯುವ ಇಳಿಕೆ ಹಿಮದ್ದು.

ಭಾರತ, ನೇಪಾಳ, ಭೂತಾನ್, ಚೀನಾಗಳಲ್ಲಿ 2,000 ಕಿ.ಮೀ. ಉದ್ದಕ್ಕೆ ಹರಡಿದ 650 ಹಿಮನದಿಗಳನ್ನು ಹೀಗೆ ಅಳೆದ ಫಲಿತಾಂಶ 2019ರ ಜೂನ್‌ನಲ್ಲಿ ಪ್ರಕಟವಾಯಿತು. 1975ರಿಂದ 2000ದವರೆಗೆ ಅವು ವರ್ಷಕ್ಕೆ ಸರಾಸರಿ 22 ಸೆಂ.ಮೀ. ನೀರಿನಷ್ಟು ತೆಳುವಾಗಿದ್ದವು. 2000ದಿಂದ 2016ರವರೆಗೆ 43 ಸೆಂ.ಮೀ.: ಹತ್ತಿರಹತ್ತಿರ ಎರಡರಷ್ಟು. 1975ರ ಹಿಮರಾಶಿಯಲ್ಲಿ 2000ದಲ್ಲಿ ಶೇ. 87 ಉಳಿದಿತ್ತು, 2016ರಲ್ಲಿ ಶೇ. 72. ಕಾರಣವೇನು? ಹಿಮದ ಮೇಲೆ ಕೂರುವ ಮಸಿಯೋ ಮಳೆಯ ಏರುಪೇರೋ ಕಾರಣವಾಗಿದ್ದರೆ ಕರಗುವಿಕೆ ಒಂದೊಂದು ಕಡೆ ಒಂದೊಂದು ರೀತಿ ಇರಬೇಕಿತ್ತು. ಪೂರ್ವದಿಂದ ಪಶ್ಚಿಮದವರೆಗೆ ಅದು ಹೆಚ್ಚುಕಡಿಮೆ ಒಂದೇ ಸಮನಿತ್ತು. ಹೀಗೆ ಎಲ್ಲವನ್ನೂ ಒಟ್ಟಿಗೆ ಮುಟ್ಟಬಲ್ಲದ್ದು ಏರುತ್ತಿರುವ ಉಷ್ಣಾಂಶ. ಹವಾಮಾನ ಕೇಂದ್ರಗಳ ದಾಖಲೆಯಲ್ಲೂ ಎರಡನೆಯ ಅವಧಿ ಮೊದಲನೆಯದಕ್ಕಿಂತ ಸುಮಾರು 1 ಡಿಗ್ರಿ ಬಿಸಿ.

ಪೀತಮ್‌ಪುರದ ನಲ್ಲಿಗೆ ಇದು ತಕ್ಷಣ ತಿಳಿಯುವುದಿಲ್ಲ. ಅಸಲು ಮುರಿದು ತಿನ್ನುವ ಮನೆಯಲ್ಲಿ ಸ್ವಲ್ಪ ದಿನ ದುಡ್ಡು ಹೆಚ್ಚೇ ಓಡಾಡುತ್ತದೆ. ಹಾಗೆಯೇ ಹಿಮ ಜೋರಾಗಿ ಕರಗುವಷ್ಟು ಕಾಲ ನದಿಗೆ ನೀರೂ ಹೆಚ್ಚೇ ಸೇರುತ್ತದೆ. ನಿಜ ಗೊತ್ತಾಗಬೇಕಾದರೆ ಹಳೆಯ ಪಾಸ್‌ಬುಕ್ಕು ತೆರೆದು ನೋಡಬೇಕು. ಹಿಮಾಲಯದ ಪಾಸ್‌ಬುಕ್ಕನ್ನು ಬರೆದಿಟ್ಟವರು, ತಾವು ಏನು ಬರೆಯುತ್ತಿದ್ದೇವೆಂದೇ ತಿಳಿಯದ ಬೇಹುಗಾರರು.